ಜಗಲಿಯ ಮೋಡೆಮ್‌ನಿಂದ ಕೊಟ್ಟಿಗೆಯವರೆಗೆ: ತಾಮ್ರದ ತಂತಿಯೇ, ಗಾಜಿನ ಎಳೆಯೇ?

ತೋಟದಂಚು:
ಶಿರಸಿಯಿಂದ ಹದಿನೆಂಟು ಕಿಲೋಮೀಟರ್ ಒಳಗಿರುವ ನಮ್ಮ ಮನೆಗೆ ಫೈಬರ್ ಬಂದು ವರ್ಷವಾಯಿತು. ಕೇಬಲ್ ಎಳೆಯಲು ಬಂದವರು ಹೊಸಿಲು ದಾಟುವ ಉತ್ಸಾಹ ತೋರದೆ ಮೋಡೆಮನ್ನು ಜಗಲಿಯ ಮೂಲೆಗೇ ಕೂರಿಸಿ ಹೋದರು. ವೈಫೈ ಕೊಡುವುದೂ ಆ ಮೋಡೆಮೇ. ಅದರ ಎದುರು ಕುಳಿತರೆ 150 ಎಂಬಿಪಿಎಸ್ ಪೂರ್ತಿ ಸಿಗುತ್ತದೆ. ಒಂದೂವರೆ ಅಡಿ ದಪ್ಪದ ಎರಡು ಚಿರೆಕಲ್ಲಿನ ಗೋಡೆ ದಾಟಿ ಅಡುಗೆಮನೆಗೆ ಬರುವಷ್ಟರಲ್ಲಿ ಅದು 12ಕ್ಕೆ ಇಳಿದಿರುತ್ತದೆ. ನಾನು ಕೆಲಸ ಮಾಡುವುದು ಅಂಗಳದಾಚೆ, ದನಗಳಿಲ್ಲದೆ ಖಾಲಿ ಬಿದ್ದಿದ್ದ ಕೊಟ್ಟಿಗೆಯನ್ನು ಸರಿಪಡಿಸಿ ಮಾಡಿಕೊಂಡ ಕೋಣೆಯಲ್ಲಿ. ಜಗಲಿಯಿಂದ ಅಲ್ಲಿಗೆ 45 ಮೀಟರ್ ದೂರ, ಅಲ್ಲಿ ವೈಫೈಯ ಸುಳಿವೇ ಇಲ್ಲ. ನಡುಮನೆಯ ಪ್ಲಗ್ಗಿಗೆ, ವೈಫೈಯನ್ನು ಹಿಡಿದು ಮತ್ತೆ ಪ್ರಸಾರ ಮಾಡುವ ರಿಪೀಟರ್ ಸಿಕ್ಕಿಸಿ ನೋಡಿದೆ. ಫೋನಿನಲ್ಲಿ ಸಿಗ್ನಲ್ಲಿನ ಕಡ್ಡಿಗಳೆಲ್ಲ ತುಂಬಿದವು, ವೇಗ ಮಾತ್ರ 20 ದಾಟಲಿಲ್ಲ. ಬಳಸದೆ ಇಟ್ಟ ಹಳೆಯ ರೌಟರ್ ಒಂದು ಕಪಾಟಿನಲ್ಲಿದೆ. ಕೇಬಲ್ ಎಳೆದು ಅದನ್ನೇ ದುಡಿಸಿಕೊಳ್ಳಲೇ, ಅಥವಾ ಒಂದರಿಂದ ಇನ್ನೊಂದಕ್ಕೆ ವೈಫೈ ದಾಟಿಸುವ ಮೂರು ಡಬ್ಬಿಗಳ ಮೆಶ್ ಕೊಳ್ಳಲೇ ಎಂಬುದು ನನ್ನ ಪ್ರಶ್ನೆ.

ಬಾಡಿಗೆಮನೆ:
ಬೆಂಗಳೂರಿನ ನಮ್ಮ ಮೂರು ಕೋಣೆಗಳ ಫ್ಲ್ಯಾಟಿನಲ್ಲಿ ಎರಡು ಮೆಶ್ ಡಬ್ಬಿಗಳನ್ನು ಇಟ್ಟಿದ್ದೇನೆ. ಒಂದು ಮೊಳೆಯನ್ನೂ ಹೊಡೆಯಲಿಲ್ಲ, ಮಾಲೀಕರ ಅನುಮತಿಯನ್ನೂ ಕೇಳಲಿಲ್ಲ. ಹಳೆಯ ಮನೆಯ ಗೋಡೆಯನ್ನು ಕೊರೆಯುವ ಮೊದಲು ಅದನ್ನು ಪ್ರಯತ್ನಿಸಿ ನೋಡುವುದು ಒಳ್ಳೆಯದು.

ಎಂಟುತಂತಿ:
ಹುಬ್ಬಳ್ಳಿಯಲ್ಲಿ ಹನ್ನೊಂದು ವರ್ಷಗಳಿಂದ ಇದೇ ಕೆಲಸದಲ್ಲಿರುವವನಾಗಿ ಹೇಳುತ್ತೇನೆ: ಮೆಶ್ಶಿಗೂ ಕೇಬಲ್ಲಿಗೂ ಜಗಳವೇ ಇಲ್ಲ. ಒಂದು ಡಬ್ಬಿಯಿಂದ ಇನ್ನೊಂದಕ್ಕೆ ದತ್ತಾಂಶ ಗಾಳಿಯಲ್ಲಿ ಹೋಗುತ್ತದೆಯೋ ತಂತಿಯಲ್ಲಿ ಹೋಗುತ್ತದೆಯೋ ಎಂಬುದಷ್ಟೇ ಪ್ರಶ್ನೆ. ಅಗ್ಗದ ರಿಪೀಟರ್ ಮೋಡೆಮ್ ಹೇಳಿದ್ದನ್ನು ಯಾವ ಚಾನೆಲ್ಲಿನಲ್ಲಿ ಕೇಳಿಸಿಕೊಳ್ಳುತ್ತದೆಯೋ ಅದೇ ಚಾನೆಲ್ಲಿನಲ್ಲಿ ನಿಮ್ಮ ಫೋನಿಗೆ ಮತ್ತೊಮ್ಮೆ ಹೇಳಬೇಕಾಗುತ್ತದೆ. ಕೇಳುವುದನ್ನೂ ಹೇಳುವುದನ್ನೂ ಒಟ್ಟಿಗೆ ಮಾಡಲಾಗದ ಕಾರಣ ಅರ್ಧದಷ್ಟು ವೇಗ ಅಲ್ಲೇ ಹೋಗುತ್ತದೆ. ಕಡ್ಡಿಗಳು ತುಂಬಿದ್ದು ನಿಮ್ಮ ಫೋನಿಗೂ ರಿಪೀಟರಿಗೂ ನಡುವಿನ ಸಂಬಂಧವನ್ನು ತೋರಿಸುತ್ತಿದ್ದವು. ಆ ರಿಪೀಟರಿಗೇ ಗೋಡೆಯಾಚೆಯಿಂದ ಏನು ಸಿಗುತ್ತಿದೆ ಎಂಬುದನ್ನು ಅವು ತೋರಿಸುವುದಿಲ್ಲ. ಫ್ಲ್ಯಾಟಿನ ನಾಲ್ಕಿಂಚಿನ ಗೋಡೆಯಲ್ಲಿ ನಡೆದದ್ದು ಚಿರೆಕಲ್ಲಿನಲ್ಲಿ ನಡೆಯಬೇಕೆಂದಿಲ್ಲ.

ಕೇಬಲ್ ಎಳೆಯಿರಿ. ಹಳೆಯ ರೌಟರಿನಲ್ಲಿ ಆಕ್ಸೆಸ್ ಪಾಯಿಂಟ್ (ಕೇಬಲ್ಲಿನಲ್ಲಿ ಬಂದದ್ದನ್ನು ವೈಫೈಯಾಗಿ ಹರಡುವ ಕೆಲಸ) ಎಂಬ ಆಯ್ಕೆ ಇದ್ದರೆ ಅದನ್ನು ಒತ್ತಿದರೆ ಮುಗಿಯಿತು. ಇಲ್ಲವಾದರೆ ಮೋಡೆಮಿನ ವಿಳಾಸ 192.168.1.1 ಎಂದಿದ್ದಲ್ಲಿ ಇದಕ್ಕೆ 192.168.1.2 ಎಂದು ಕೊಟ್ಟು, ಫೋನುಗಳಿಗೆ ವಿಳಾಸ ಹಂಚುವ ಇದರ ಡಿಎಚ್‌ಸಿಪಿಯನ್ನು ನಿಲ್ಲಿಸಿ, ಮೋಡೆಮಿನಿಂದ ಬರುವ ಕೇಬಲ್ಲನ್ನು ಇಂಟರ್ನೆಟ್ ಒಳಬರುವ ವ್ಯಾನ್ ಪೋರ್ಟಿಗಲ್ಲದೆ ಮನೆಯ ಸಾಧನಗಳಿಗಿರುವ ಲ್ಯಾನ್ ಪೋರ್ಟಿಗೆ ಸಿಕ್ಕಿಸಬೇಕು. ಡಿಎಚ್‌ಸಿಪಿ ನಿಲ್ಲಿಸುವುದನ್ನು ಮರೆತರೆ ಒಂದೇ ಮನೆಯಲ್ಲಿ ಇಬ್ಬರು ಶಾನುಭೋಗರು ಕುಳಿತು ಒಂದೇ ಜಮೀನಿಗೆ ಬೇರೆ ಬೇರೆ ಪಹಣಿ ಬರೆದುಕೊಟ್ಟಂತಾಗುತ್ತದೆ. ಒಂದು ದಿನ ಎಲ್ಲ ಸರಿ, ಮರುದಿನ ಅರ್ಧ ಫೋನುಗಳಿಗೆ ಇಂಟರ್ನೆಟ್ಟೇ ಇಲ್ಲ. ಎರಡು ಕಡೆಯೂ ವೈಫೈಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇರಲಿ. 2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ ಮಾತ್ರ ಬೇರೆಯಾಗಿರಬೇಕು: ಒಂದಕ್ಕೆ 1 ಕೊಟ್ಟರೆ ಇನ್ನೊಂದಕ್ಕೆ 6 ಅಥವಾ 11.

ಮುರಕಲ್ಲು:
ಮನೆಯೊಳಗಿನ ಮಟ್ಟಿಗೆ ಎಂಟುತಂತಿಯವರು ಹೇಳಿದ್ದೆಲ್ಲ ಸರಿ. ಆದರೆ ಅಂಗಳ ದಾಟಿ ಕೊಟ್ಟಿಗೆಗೆ 45 ಮೀಟರ್ ತಾಮ್ರ ಎಳೆಯುವುದೆಂದರೆ ನಮ್ಮ ಕಡೆ ಸಿಡಿಲಿಗೆ ಕೊಟ್ಟ ಆಮಂತ್ರಣವೇ ಸರಿ. ಪುತ್ತೂರಿನ ಹತ್ತಿರದ ನಮ್ಮ ಮನೆಯಿಂದ ಪಂಪ್‌ಶೆಡ್ಡಿಗೆ ಹೀಗೆಯೇ ಎಳೆದಿದ್ದೆ. ಎರಡು ವರ್ಷದ ಹಿಂದೆ ಏಪ್ರಿಲ್‌ನ ಒಂದು ಸಂಜೆ ಸಿಡಿಲು ಬಡಿದದ್ದು ತೋಟದ ಕೆಳಗಿನ ತೆಂಗಿನ ಮರಕ್ಕೆ, ಮನೆಗಲ್ಲ. ಆದರೂ ಕೇಬಲ್ಲಿನ ಎರಡೂ ತುದಿಯ ಪೆಟ್ಟಿಗೆಗಳು ಸತ್ತವು. ಸ್ವಿಚ್ ಬಿಚ್ಚಿ ನೋಡಿದರೆ ಪೋರ್ಟಿನ ಹಿಂದಿನ ಕರಿಯ ಚಿಪ್ಪಿನ ನೆತ್ತಿ ಹುರಿಗಡಲೆಯಂತೆ ಒಡೆದಿತ್ತು. ಮೋಡೆಮಿನ ಪ್ಲಗ್ ತೆಗೆದಿಟ್ಟಿದ್ದೆ. ನೆಟ್‌ವರ್ಕ್ ಕೇಬಲ್ ತೆಗೆಯಬೇಕೆಂದು ಹೊಳೆದಿರಲಿಲ್ಲ.

ಎಂಟುತಂತಿ:
ಸಿಡಿಲಿನ ಹೆದರಿಕೆಯಿಂದ ತಾಮ್ರವನ್ನೇ ಬಿಡಬೇಕಾಗಿಲ್ಲ. ಎರಡೂ ತುದಿಗೆ ಸರ್ಜ್ ಅರೆಸ್ಟರ್ ಹಾಕಿ, ಕೇಬಲ್ಲನ್ನು ನೆಲದಡಿಯಲ್ಲಿ ಒಯ್ದರೆ ಅಪಾಯ ಬಹಳ ಕಡಿಮೆಯಾಗುತ್ತದೆ. ತಾಮ್ರಕ್ಕೆ ಒಂದು ದೊಡ್ಡ ಅನುಕೂಲವಿದೆ, ಅದನ್ನು ಯಾರೂ ಹೇಳಲಿಲ್ಲ: ಪಿಒಇ ಸೌಲಭ್ಯವುಳ್ಳ ಆಕ್ಸೆಸ್ ಪಾಯಿಂಟ್ ಕೊಂಡರೆ ಅದೇ ಕೇಬಲ್ಲಿನಲ್ಲಿ ವಿದ್ಯುತ್ತೂ ಹೋಗುತ್ತದೆ. 802.3ಎಎಫ್ ಮಾನದಂಡದಲ್ಲಿ ಒಂದು ಪೋರ್ಟಿನಿಂದ 15.4 ವ್ಯಾಟ್ ಸಿಗುತ್ತದೆ, ಒಂದು ಆಕ್ಸೆಸ್ ಪಾಯಿಂಟಿಗೆ ಸಾಮಾನ್ಯವಾಗಿ ಅಷ್ಟು ಸಾಕು. ಮನೆಯ ಇನ್ವರ್ಟರ್ ಒಂದೇ ಎರಡೂ ಕಡೆಯನ್ನು ನಡೆಸುತ್ತದೆ. ಮಳೆಗಾಲದಲ್ಲಿ ಕರೆಂಟು ದಿನಗಟ್ಟಲೆ ಹೋಗುವ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ತಾಮ್ರದ ಬದಲು ಫೈಬರ್ ಹಾಕಿದರೆ ಅದರ ಗಾಜಿನ ಎಳೆಯಲ್ಲಿ ಕರೆಂಟು ಹರಿಯದು.

ಹಳೆರೇಡಿಯೊ:
ದೂರಸಂಪರ್ಕ ಇಲಾಖೆಯಲ್ಲಿ ಮೂವತ್ತು ವರ್ಷ ಕಂಬ ಹತ್ತಿಳಿದು ನಿವೃತ್ತನಾದವನು ನಾನು. ಅರೆಸ್ಟರ್ ಎಂಬುದು ಬಂದ ಉಬ್ಬರವನ್ನು ನೆಲಕ್ಕೆ ದಾಟಿಸುವ ಸಾಧನ, ನುಂಗುವ ಸಾಧನವಲ್ಲ. ಆದ್ದರಿಂದ ಅದರ ಯೋಗ್ಯತೆ ನಿಮ್ಮ ಅರ್ಥಿಂಗ್‌ನ ಯೋಗ್ಯತೆಯಷ್ಟೇ. ಚಿರೆಕಲ್ಲಿನ ನೆಲದಲ್ಲಿ, ಅದೂ ಬೇಸಿಗೆಯ ಕೊನೆಗೆ ಮಣ್ಣು ಒಣಗಿ ನಿಂತಾಗ, ಒಳ್ಳೆಯ ಅರ್ಥಿಂಗ್ ಸಿಗುವುದು ಕಷ್ಟ, ಮತ್ತು ಗುಡುಗು ಸಿಡಿಲಿನ ಕಾಲವೂ ಅದೇ. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಮನೆಗೊಂದು, ಕೊಟ್ಟಿಗೆಗೊಂದು ಪ್ರತ್ಯೇಕ ಅರ್ಥಿಂಗ್ ಇದ್ದು ಹತ್ತಿರದಲ್ಲೆಲ್ಲೋ ಸಿಡಿಲು ಬಡಿದರೆ, ಆ ಎರಡು ನೆಲಗಳ ನಡುವೆ ಕ್ಷಣಕಾಲ ಸಾವಿರಾರು ವೋಲ್ಟುಗಳ ಅಂತರ ಉಂಟಾಗಬಹುದು. ಅವೆರಡನ್ನೂ ಜೋಡಿಸಿರುವ ತಾಮ್ರವೇ ಆಗ ಆ ಅಂತರ ಹರಿದುಹೋಗುವ ದಾರಿಯಾಗುತ್ತದೆ. ಈಥರ್ನೆಟ್ ಪೋರ್ಟಿನೊಳಗೆ ಪುಟ್ಟ ಟ್ರಾನ್ಸ್‌ಫಾರ್ಮರುಗಳಿದ್ದು, ಅವು 1500 ವೋಲ್ಟ್ ತಡೆಯಬೇಕೆಂದು ಐಇಇಇ ಮಾನದಂಡ ಹೇಳುತ್ತದೆ. ಸಿಡಿಲಿಗೆ ಆ ಮಾನದಂಡ ಗೊತ್ತಿಲ್ಲ. ಮುರಕಲ್ಲು ಅವರ ಮನೆಗೆ ಸಿಡಿಲು ನೇರವಾಗಿ ಬಡಿಯದಿದ್ದರೂ ಎರಡೂ ತುದಿ ಸುಟ್ಟಿದ್ದು ಹೀಗೆಯೇ ಇರಬೇಕು.

ಕಟ್ಟಡದೊಳಗೆ ತಾಮ್ರ, ಕಟ್ಟಡದಿಂದ ಕಟ್ಟಡಕ್ಕೆ ಗಾಜು: ನಾನು ಇದನ್ನು ಬಿಟ್ಟು ಬೇರೆ ಸಲಹೆ ಕೊಡುವುದಿಲ್ಲ. ಎರಡು ತುದಿಗೂ ಎಸ್‌ಸಿ ಕನೆಕ್ಟರ್ ಕೂರಿಸಿಯೇ ಮಾರುವ 50 ಮೀಟರಿನ ಸಿಂಗಲ್ ಮೋಡ್ ಡ್ರಾಪ್ ಕೇಬಲ್ (ಮನೆಗೆ ಎಳೆಯುವ ಬಗೆಯ ಫೈಬರ್) ಸಿಗುತ್ತದೆ. ಜೊತೆಗೆ, ತಂತಿಯ ಸಂಕೇತವನ್ನು ಬೆಳಕಾಗಿಯೂ ಬೆಳಕನ್ನು ಮತ್ತೆ ತಂತಿಯ ಸಂಕೇತವಾಗಿಯೂ ಬದಲಿಸುವ ಮೀಡಿಯಾ ಕನ್ವರ್ಟರ್ ಜೋಡಿ ಬೇಕು. ಒಂದು 1310 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಕಳಿಸಿ 1550ರಲ್ಲಿ ಪಡೆದರೆ ಇನ್ನೊಂದು ತಿರುಗುಮುರುಗಾಗಿ ಮಾಡುತ್ತದೆ, ಆದ್ದರಿಂದ ಒಂದೇ ಎಳೆ ಸಾಕು. ಎರಡೂ ಒಂದೇ ಬಗೆಯವನ್ನು ತಂದರೆ ಕೆಲಸ ಮಾಡುವುದಿಲ್ಲ, ಅಂಗಡಿಯಲ್ಲೇ ಪರೀಕ್ಷಿಸಿಕೊಳ್ಳಿ. ಒಂದು ಎಚ್ಚರಿಕೆಯೂ ಇದೆ. ಡ್ರಾಪ್ ಕೇಬಲ್ಲಿನ ಪಕ್ಕದಲ್ಲಿ ಅದನ್ನು ಎಳೆದು ಕಟ್ಟಲೆಂದು ಉಕ್ಕಿನ ತಂತಿಯೊಂದು ಅಂಟಿಕೊಂಡಿರುತ್ತದೆ. ಗಾಜು ಹಾಕಿದೆನೆಂದು ನಿಶ್ಚಿಂತೆಯಿಂದ ಆ ಉಕ್ಕನ್ನು ಪೆಟ್ಟಿಗೆಯವರೆಗೂ ಒಯ್ದರೆ ತಾಮ್ರ ಹಾಕಿದ್ದಕ್ಕಿಂತ ಹೆಚ್ಚಿನ ಲಾಭವೇನಿಲ್ಲ. ಅದನ್ನು ಗೋಡೆಯ ಹೊರಗೇ ಸೀಳಿ ಕತ್ತರಿಸಬೇಕು, ಅಥವಾ ಲೋಹವೇ ಇಲ್ಲದ ಕೇಬಲ್ ಕೇಳಿ ತರಬೇಕು.

ಬಾಡಿಗೆಮನೆ:
ಮೆಶ್ ವಿಷಯದಲ್ಲಿ ನನ್ನ ಮಾತನ್ನು ಹಿಂದೆ ತೆಗೆದುಕೊಳ್ಳುತ್ತೇನೆ. ಆದರೆ ಅಂಗಳಕ್ಕೆ ಯಾವ ಎಳೆಯೂ ಏಕೆ ಬೇಕು? 5 ಗಿಗಾಹರ್ಟ್ಸ್‌ನ ದಿಕ್ಕು ಹಿಡಿದು ಸೂಸುವ ಆಂಟೆನಾ ಜೋಡಿಯನ್ನು ಎದುರುಬದುರಾಗಿ ನಿಲ್ಲಿಸಬಹುದಲ್ಲ? 2018ರ ಅಕ್ಟೋಬರ್‌ನಲ್ಲಿ ಈ ತರಂಗಪಟ್ಟಿಯ 605 ಮೆಗಾಹರ್ಟ್ಸ್‌ಗೆ ಕೇಂದ್ರ ಸರ್ಕಾರ ಪರವಾನಗಿಯ ಅಗತ್ಯವನ್ನೇ ತೆಗೆದುಹಾಕಿದೆ.

ಹಳೆರೇಡಿಯೊ:
ಕಣ್ಣಿಗೆ ಕಣ್ಣು ಕಾಣುವ ಜಾಗವಾದರೆ ಅದು ಒಳ್ಳೆಯ ಉಪಾಯವೇ. 45 ಮೀಟರಿಗೆ ಮಳೆಯಿಂದ ಆಗುವ ನಷ್ಟ ಲೆಕ್ಕಕ್ಕಿಲ್ಲ. ನಡುವೆ ಒದ್ದೆ ಎಲೆಗಳಿದ್ದರೆ ಮಾತು ಬೇರೆ.

ತೋಟದಂಚು:
ನಡುವೆ ಎರಡು ಹಲಸಿನ ಮರಗಳಿವೆ. ಕಡಿಯುವ ಮಾತೆತ್ತಿದರೆ ಅಮ್ಮ ನನ್ನನ್ನೇ ಕೊಟ್ಟಿಗೆಯಲ್ಲಿ ಕಟ್ಟಿಯಾರು.

ಹತ್ತು ದಿನ ಓದಿ, ಅಳೆದು, ಕೊನೆಗೆ ಹೀಗೆ ಮಾಡಿದೆ. ಮನೆಯೊಳಗೆ ಮೋಡೆಮಿನಿಂದ ಅಡುಗೆಮನೆಯ ಮೇಲಿನ ಮೆತ್ತಿಗೆ 22 ಮೀಟರ್ ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎಳೆದೆ. ಗೋಡೆ ಕೊರೆಯಬೇಕಾಗಲಿಲ್ಲ, ತೊಲೆಗಳ ಮೇಲಿನ ಸಂದಿನಲ್ಲೇ ದಾರಿ ಸಿಕ್ಕಿತು. ಮೊದಲು ತಂದ ಕೇಬಲ್ ತೀರ ಹಗುರಾಗಿದ್ದುದರಿಂದ ಅನುಮಾನ ಬಂದು ಒಂದು ತಂತಿಯನ್ನು ಚಾಕುವಿನಿಂದ ಹೆರೆದೆ. ತಾಮ್ರದ ಬಣ್ಣದಡಿ ಬಿಳಿಯ ಅಲ್ಯೂಮಿನಿಯಂ ಕಂಡಿತು. ಮರಳಿಸಿ ಅಪ್ಪಟ ತಾಮ್ರದ್ದನ್ನು ತಂದೆ. ಅಂಗಳಕ್ಕೆ ಫೈಬರ್ ಹಾಕಿದೆ, ತೋಟದ ಸ್ಪ್ರಿಂಕ್ಲರ್ ಕೆಲಸದಲ್ಲಿ ಉಳಿದ ಕರಿಯ ಪೈಪಿನೊಳಗೆ ಸೇರಿಸಿ ಒಂದಡಿ ಆಳಕ್ಕೆ ಹೂತಿದ್ದೇನೆ. ಮೇಲಿನಿಂದ ಎಳೆದಿದ್ದರೆ ಮೊದಲ ಗಾಳಿಗೇ ಅಡಿಕೆ ಸೋಗೆ ಬಿದ್ದು ಹರಿಯುತ್ತಿತ್ತು. ಅಲ್ಲಿಗೆ ಹೊಸದೊಂದು ಆಕ್ಸೆಸ್ ಪಾಯಿಂಟ್ ಕೊಂಡೆ. ಕೊಟ್ಟಿಗೆಯಲ್ಲಿ ಈಗ 148 ಸಿಗುತ್ತದೆ. ವಿಚಿತ್ರವೆಂದರೆ ಹತ್ತಿರದ ಮೆತ್ತಿನಲ್ಲಿ, ಹಳೆಯ ರೌಟರಿನ ಪಕ್ಕದಲ್ಲೇ ನಿಂತರೂ, ಎಷ್ಟು ಸಲ ನೋಡಿದರೂ 94. ಒಂದು ಹೆಚ್ಚಿಲ್ಲ, ಕಡಿಮೆಯಿಲ್ಲ.

ಎಂಟುತಂತಿ:
94 ಎಂಬುದು ವೈಫೈಯ ಸಂಖ್ಯೆಯಲ್ಲ, ಅದು ತಂತಿಯ ಸಂಖ್ಯೆ. ವೈಫೈ ದುರ್ಬಲವಾಗಿದ್ದರೆ ಒಮ್ಮೆ 80, ಒಮ್ಮೆ 110 ಎಂದು ಹೊಯ್ದಾಡುತ್ತದೆ. 100 ಎಂಬಿಪಿಎಸ್‌ನ ಕೊಂಡಿಯಲ್ಲಿ ಮೇಲುಖರ್ಚು ಕಳೆದು ಉಳಿಯುವುದು ಸುಮಾರು 94. ಹಳೆಯ ರೌಟರಿನ ಪೋರ್ಟೇ 100ರದ್ದಾಗಿರಬೇಕು; ಅದು ಗಿಗಾಬಿಟ್ (1000 ಎಂಬಿಪಿಎಸ್) ಆಗಿದ್ದರೆ ಕೇಬಲ್ಲಿನ ತುದಿಗೆ ನೀವು ಹಾಕಿದ ಪಿನ್ನುಗಳಲ್ಲಿ ತಪ್ಪಿದೆ. 100ಕ್ಕೆ 1, 2, 3, 6ನೇ ತಂತಿಗಳು ಸಾಕು, ಗಿಗಾಬಿಟ್ಟಿಗೆ ಎಂಟೂ ಬೇಕು. ನನ್ನ ಹೆಸರು ಸುಮ್ಮನೆ ಇಟ್ಟುಕೊಂಡದ್ದಲ್ಲ.

ತೋಟದಂಚು:
ರೌಟರ್ ಗಿಗಾಬಿಟ್ಟಿನದೇ. ಮೆತ್ತಿನ ತುದಿಯ ಪಿನ್ನನ್ನು ಬೆಳಕಿಗೆ ಹಿಡಿದು ನೋಡಿದಾಗ ಕೊನೆಯ ಕಂದು ತಂತಿ ಉಳಿದವುಗಳಿಗಿಂತ ಕೂದಲೆಳೆಯಷ್ಟು ಗಿಡ್ಡವಾಗಿ, ಹಲ್ಲಿಗೆ ತಾಗದೆ ಒಳಗೇ ನಿಂತಿತ್ತು. ಕತ್ತರಿಸಿ ಹೊಸ ಪಿನ್ ಹಾಕಿದೆ. ಈಗ ಮೆತ್ತಿನಲ್ಲಿ 147. ಅಡುಗೆಮನೆಯಲ್ಲೂ 120ರ ಆಸುಪಾಸು ಬರುತ್ತಿದೆ, ಆದರೆ ಅಮ್ಮ ಜಗಲಿಯಿಂದ ವಿಡಿಯೊ ಕರೆಯಲ್ಲಿ ಮಾತಾಡುತ್ತ ಒಳಗೆ ಬಂದರೆ ಫೋನು ಜಗಲಿಯ ಮೋಡೆಮನ್ನೇ ಹಿಡಿದು ಕೂತಿರುತ್ತದೆ.

ಎಂಟುತಂತಿ:
ಯಾವುದನ್ನು ಹಿಡಿಯಬೇಕೆಂದು ತೀರ್ಮಾನಿಸುವುದು ಫೋನೇ ಹೊರತು ರೌಟರ್ ಅಲ್ಲ. ಮೋಡೆಮಿನ ಪ್ರಸಾರ ಶಕ್ತಿಯನ್ನು ಒಂದು ಮೆಟ್ಟಿಲು ಇಳಿಸಿ ನೋಡಿ. ಹಿಡಿತ ಬೇಗ ಸಡಿಲವಾಗುತ್ತದೆ. ಇರಲಿ, ಕರೆಂಟು ಹೋದಾಗ ಕೊಟ್ಟಿಗೆಯ ಗಾಜು ಏನು ಮಾಡುತ್ತದೆ?

ತೋಟದಂಚು:
ನಿನ್ನೆ ಸಂಜೆಯೇ ಹೋಯಿತು. ಮನೆಯಲ್ಲಿ ಇನ್ವರ್ಟರಿನಿಂದ ಎಲ್ಲ ನಡೆಯುತ್ತಿತ್ತು, ನಾನು ಲ್ಯಾಪ್‌ಟಾಪ್ ಎತ್ತಿಕೊಂಡು ಮೆತ್ತಿಗೆ ಹೋದೆ. ಆ ಮಟ್ಟಿಗೆ ನೀವು ಹೇಳಿದ್ದೇ ಸರಿ; ಕೊಟ್ಟಿಗೆಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಒಂದನ್ನು ಹುಡುಕುತ್ತಿದ್ದೇನೆ.