ಗೇ ಹುಡುಗ ಆರ್ಮಿಗೆ ಸೇರಿದ್ರೆ ಮುಚ್ಚಿಡದೆ ಇರಬಹುದಾ?

ತೀರ್ಥಹಳ್ಳಿ ಅಕ್ಕ:
ನನ್ನ ತಮ್ಮನಿಗೆ ಹತ್ತೊಂಬತ್ತು ವರ್ಷ, ಅಗ್ನಿವೀರ್‌ಗೆ ತಯಾರಿ ಮಾಡ್ತಿದಾನೆ, ಮಳೆ ಇರ್ಲಿ ಮಂಜಿರ್ಲಿ ಬೆಳಗಾಗೋ ಮೊದ್ಲೇ ಎದ್ದು ಓಡ್ಲಿಕ್ಕೆ ಹೋಗ್ತಾನೆ. ಅವನು ಗೇ ಅಂತ ಮನೇಲಿ ನನಗೊಬ್ಬಳಿಗೇ ಗೊತ್ತು. ಮೊನ್ನೆ ಕೇಳಿದ, ಅಕ್ಕ ಅಲ್ಲಿ ಗೊತ್ತಾದ್ರೆ ತೆಗೆದುಹಾಕ್ತಾರಾ ಅಂತ. ಸಲಿಂಗ ಸಂಬಂಧಾನ ಅಪರಾಧ ಅಂತಿದ್ದ ಸೆಕ್ಷನ್ 377 ಹೋಯ್ತಲ್ಲ ಮತ್ತೆಂತ ಭಯ ಅಂದೆ, ಆದ್ರೆ ನನಗೇ ಖಾತ್ರಿ ಇಲ್ಲ. ಗೊತ್ತಿರೋರು ಹೇಳಿ. ಅಂಥವರನ್ನ ಸೇನೇಲಿ ಬಹಿರಂಗವಾಗಿ ಇರ್ಲಿಕ್ಕೆ ಬಿಡಬೇಕಾ ಬೇಡ್ವಾ ಅನ್ನೋದರ ಬಗ್ಗೆಯೂ ನಿಮ್ಮ ಅಭಿಪ್ರಾಯ ಬೇಕು. ಬೈಯೋಕೆ ಬರೋರು ಬೇಡ.

ವಕೀಲ, ಶಿವಮೊಗ್ಗ:
ಅಕ್ಕ, 2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟ್ ಐದು ಜಡ್ಜ್‌ಗಳ ಪೀಠ ಒಮ್ಮತದಿಂದ ಹೇಳ್ತು, ವಯಸ್ಕರು ಒಪ್ಪಿ ಖಾಸಗಿಯಾಗಿ ಮಾಡೋದು ಅಪರಾಧ ಅಲ್ಲ ಅಂತ. ಆದ್ರೆ ಸೇನೆಗೆ ಬೇರೆ ಕಾನೂನಿದೆ, 1950ರ ಆರ್ಮಿ ಆಕ್ಟ್. ಅದರ 46ನೇ ಸೆಕ್ಷನ್ನಲ್ಲಿ ಕ್ರೂರ, ಅಸಭ್ಯ, ಅಸ್ವಾಭಾವಿಕ ನಡತೆ ಅನ್ನೋ ಮಾತು ಇನ್ನೂ ಹಾಗೇ ಇದೆ, ಕೋರ್ಟ್ ಮಾರ್ಷಲ್ ಅಂದ್ರೆ ಸೇನೆಯದೇ ಕೋರ್ಟಲ್ಲಿ ವಿಚಾರಣೆ ಆಗಿ ಸಾಬೀತಾದ್ರೆ ಏಳು ವರ್ಷದವರೆಗೂ ಜೈಲು. ಸಂವಿಧಾನದ 33ನೇ ವಿಧಿ ಪ್ರಕಾರ ಸೈನಿಕರ ಮೂಲಭೂತ ಹಕ್ಕನ್ನ ಪಾರ್ಲಿಮೆಂಟು ಕಡಿಮೆ ಮಾಡಬಹುದು. ಗೇ ಆಗಿರೋದೇ ತಪ್ಪು ಅಂತ ಆಕ್ಟಲ್ಲಿ ಎಲ್ಲೂ ಬರೆದಿಲ್ಲ, ಅಲ್ಲಿರೋದು ನಡತೆ ಬಗ್ಗೆ, ಆದ್ರೆ ಯಾವುದು ಅಸಭ್ಯ ಅಂತ ತೀರ್ಮಾನ ಮಾಡೋರು ಸೇನೆಯವರೇ. 2019ರ ಜನವರೀಲಿ ಆಗಿನ ಸೇನಾ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಅವ್ರು ಸೇನೆಯೊಳಗೆ ಇದಕ್ಕೆ ಅವಕಾಶ ಕೊಡಲ್ಲ ಅಂತ ಪ್ರೆಸ್‌ಮೀಟಲ್ಲೇ ಹೇಳಿದ್ರು. ಹಾಗಾಗಿ 377 ಹೋಯ್ತು ಅಂತ ಧೈರ್ಯದಿಂದ ಇರೋ ಹಾಗಿಲ್ಲ.

ಮಾಜಿ ಹವಾಲ್ದಾರ್, ಸೊರಬ:
ನಾನು ಪೂರ್ತಿ ಸರ್ವಿಸ್ ಮುಗಿಸಿ ಬಂದವನು ತಂಗಿ, ದ್ವೇಷದಿಂದ ಹೇಳ್ತಿಲ್ಲ. ಮೇಲೆ ಪೋಸ್ಟಲ್ಲಿ ಬಂಕರ್ ಅಂದ್ರೆ ಬಿಸಿ ಮಾಡ್ಕೊಳ್ಳೋಕೆ ಒಂದೇ ಬುಖಾರಿ ಒಲೆ, ಅದರ ಸುತ್ತ ಚಳಿಗೆ ಒಬ್ಬರಿಗೊಬ್ಬರು ಒತ್ತಿಕೊಂಡು ಮಲಗ್ತೀವಿ, ಬಟ್ಟೆ ಬದಲಾಯಿಸೋದೂ ಅಲ್ಲೇ. ನಮ್ಮ ಹುಡುಗ್ರು ಹಳ್ಳಿಯಿಂದ ಬಂದವರು, ಇದನ್ನೆಲ್ಲ ಕೇಳಿದವರಲ್ಲ, ಗೊತ್ತಾದ್ರೆ ಮೊದ್ಲು ಆ ಹುಡುಗನನ್ನೇ ಗೋಳು ಹೊಯ್ಕೊಳ್ತಾರೆ. ಪಕ್ಕದಲ್ಲಿರೋನ ಮೇಲೆ ಕಣ್ಮುಚ್ಚಿ ನಂಬಿಕೆ ಇದ್ರೇ ಜೀವ ಉಳಿಯೋದು. ಬಹಿರಂಗ ಮಾಡೋದು ಬೇಡ, ಸುಮ್ಮನೆ ತನ್ನ ಡ್ಯೂಟಿ ಮಾಡ್ಕೊಂಡಿರ್ಲಿ.

ಸಾಗರದ ಮೇಡಂ:
ಹವಾಲ್ದಾರ್ ಸರ್, ನಿಮ್ಮ ಸರ್ವಿಸಿಗೆ ಗೌರವ ಇಟ್ಕೊಂಡೇ ಹೇಳ್ತೀನಿ, ನೀವು ಮಲಗಿದ ಬಂಕರಲ್ಲೂ ಅಂಥವರು ಇದ್ದಿರ್ತಾರೆ, ನಿಮ್ಮ ಜೀವ ಕಾದವರಲ್ಲೂ ಇದ್ದಿರ್ತಾರೆ, ನಿಮಗೆ ಗೊತ್ತಾಗ್ಲಿಲ್ಲ ಅಷ್ಟೇ. ಬ್ರಿಟನ್ನಲ್ಲೂ ಇದೇ ವಾದ ಇತ್ತು, ಸೈನಿಕರ ಮನೋಬಲ ಕುಸಿಯುತ್ತೆ ಅಂತ. 1999ರಲ್ಲಿ ಯುರೋಪಿನ ಮಾನವ ಹಕ್ಕು ಕೋರ್ಟ್ ಅದನ್ನ ಒಪ್ಪಲಿಲ್ಲ, 2000ದ ಜನವರೀಲಿ ನಿಷೇಧ ತೆಗೆದ್ರು, ಗಂಡು ಹೆಣ್ಣು ಗೇ ಅನ್ನೋ ಭೇದ ಇಲ್ಲದೆ ಎಲ್ಲರಿಗೂ ಒಂದೇ ನಡತೆ ನಿಯಮ ತಂದ್ರು. ಯಾರೇ ಮೈಮೇಲೆ ಬಿದ್ರೂ ಶಿಕ್ಷೆ ಒಂದೇ, ಸಾಕಲ್ವಾ? ಅಮೆರಿಕದವರು ನೀವು ಹೇಳಿದ ಸುಮ್ಮನಿರೋ ದಾರೀನೇ ಹಿಡಿದಿದ್ರು, ನಾವು ಕೇಳಲ್ಲ ನೀನು ಹೇಳ್ಬೇಡ ಅಂತ, ಆದ್ರೂ 13 ಸಾವಿರಕ್ಕಿಂತ ಜಾಸ್ತಿ ಜನ ಕೆಲಸ ಕಳ್ಕೊಂಡ್ರು, ಕೊನೆಗೆ 2011ರಲ್ಲಿ ಅದನ್ನೇ ಕೈಬಿಟ್ರು.

ನನಗೆ ನಿಜವಾಗ್ಲೂ ಸಂಕಟ ಆಗೋದು ಆ ಹಳ್ಳಿ ಹುಡುಗ್ರು ಅನ್ನೋ ಮಾತಿಗೆ. ಹೆಣ್ಮಕ್ಕಳಿಗೆ ಪರ್ಮನೆಂಟ್ ಕಮಿಷನ್, ಅಂದ್ರೆ ಸೇನೇಲಿ ಅಧಿಕಾರಿಯಾಗಿ ಖಾಯಂ ಸರ್ವಿಸ್, ಕೊಡೋ ಕೇಸಲ್ಲೂ ಕೇಂದ್ರ ಸರ್ಕಾರ ಇದನ್ನೇ ಹೇಳಿದ್ದು, ಜವಾನರು ಹೆಚ್ಚಿನವರು ಹಳ್ಳಿಯವರು, ಹೆಂಗಸಿನ ಕಮಾಂಡ್ ಒಪ್ಪೋಕೆ ಮಾನಸಿಕವಾಗಿ ತಯಾರಿಲ್ಲ ಅಂತ, 2020ರ ಫೆಬ್ರವರೀಲಿ ಸುಪ್ರೀಂ ಕೋರ್ಟ್ ಅದನ್ನ ತಳ್ಳಿಹಾಕ್ತು. ಪ್ರತಿ ಸಲ ನಮ್ಮಂಥ ಊರಿನವರ ತಲೆ ಮೇಲೆ ಯಾಕೆ ಹಾಕ್ತಾರೆ? ಈ ಹುಡುಗನೂ ಹಳ್ಳಿಯವನೇ, ಅವನ ಅಕ್ಕನೂ ಹಳ್ಳಿಯವಳೇ, ಅವಳು ಒಪ್ಕೊಂಡಿಲ್ವಾ?

ಇನ್ನೊಂದು, ಮುಚ್ಚಿಟ್ಟವನನ್ನೇ ಹೆದರಿಸಿ ದುಡ್ಡು, ಗುಟ್ಟು ಕೇಳ್ಲಿಕ್ಕೆ ಆಗೋದು. ಎಲ್ಲರಿಗೂ ಗೊತ್ತಿರೋನನ್ನ ಎಂತ ಹೇಳಿ ಹೆದರಿಸ್ತಾರೆ?

ಮಾಜಿ ಹವಾಲ್ದಾರ್, ಸೊರಬ:
ಮೇಡಂ, ಇದ್ದಿರಬಹುದು, ಇಲ್ಲ ಅನ್ನಲ್ಲ. ಎಲ್ಲರಿಗೂ ಒಂದೇ ನಿಯಮ ಅಂತ ಮೇಲಿಂದ ಆರ್ಡರ್ ಬಂದ್ರೆ ಯೂನಿಟ್ ಪಾಲಿಸುತ್ತೆ, ಆರ್ಮೀಲಿ ಆರ್ಡರ್ ಅಂದ್ರೆ ಆರ್ಡರ್, ಹುಡುಗ್ರ ಇಷ್ಟ ಯಾರೂ ಕೇಳಲ್ಲ. ಆದ್ರೆ ಆರ್ಡರ್ ಇನ್ನೂ ಬಂದಿಲ್ಲವಲ್ಲ. ಅದು ಬರೋ ಮೊದ್ಲು ಹತ್ತೊಂಬತ್ತರ ಹುಡುಗನನ್ನ ಮುಂದೆ ನಿಲ್ಲಿಸೋದು ನನಗೆ ಒಪ್ಪಿಗೆ ಇಲ್ಲ. ತಂಗಿ, ಬ್ಯಾರಕಲ್ಲಿ ಫೋನು ಕೈಯಿಂದ ಕೈಗೆ ಹೋಗುತ್ತೆ, ಅದನ್ನ ಅವನಿಗೆ ಹೇಳಿಡಿ.

ತೀರ್ಥಹಳ್ಳಿ ಅಕ್ಕ:
ಎಲ್ಲರಿಗೂ ಥ್ಯಾಂಕ್ಸ್. ಅಗ್ನಿವೀರ್ ನಾಲ್ಕು ವರ್ಷ ಮದುವೆ ಆಗೋ ಹಾಗಿಲ್ಲವಂತೆ, ಅಲ್ಲೀತನಕ ಮನೇಲಿ ಯಾರೂ ಕೇಳಲ್ಲ ಅನ್ನೋದೇ ಅವನಿಗೆ ಸಮಾಧಾನ. ಆದ್ರೆ ನಾಲ್ಕು ವರ್ಷ ಒಬ್ಬರ ಹತ್ರಾನೂ ಬಾಯಿ ಬಿಡದೆ ಇರೋದು ಹೇಗೆ?

ವಕೀಲ, ಶಿವಮೊಗ್ಗ:
ನಿಮ್ಮ ಹತ್ರ ಬಾಯಿ ಬಿಟ್ಟಿದಾನಲ್ಲ ಅಕ್ಕ, ರಜೆಗೆ ಬಂದಾಗ, ಫೋನಲ್ಲಿ, ನೀವು ಮಾತಾಡ್ತಾ ಇರಿ. ಹೇಳ್ಕೊಳ್ಳೋ ಹಕ್ಕು ಸಿಗಬೇಕು ಅನ್ನೋದ್ರಲ್ಲಿ ನಾನು ಮೇಡಂ ಕಡೆ. ಆದ್ರೆ ನಾಲ್ಕು ವರ್ಷ ಆದ್ಮೇಲೆ ಖಾಯಂ ಆಗೋದು ಹೆಚ್ಚೆಂದ್ರೆ ಶೇಕಡ 25 ಜನ, ಆಯ್ಕೆ ಆಗೋದು ಸರ್ವಿಸಲ್ಲಿ ಹೇಗೆ ಕೆಲಸ ಮಾಡಿದ ಅನ್ನೋ ಮೌಲ್ಯಮಾಪನದ ಮೇಲೆ, ಆ ಹೊತ್ತಲ್ಲಿ ಮೇಲಿನವರ ಮನಸ್ಸಲ್ಲಿ ಇದೇ ಕೂತಿದ್ರೆ ಕಾರಣ ಹೇಳದೇ ಕೈಬಿಡಬಹುದು. ಯಾರಾದ್ರೂ ಹೆದರಿಸಿದ್ರೆ ಅಥವಾ ಯಾವುದಾದ್ರೂ ಹೇಳಿಕೆಗೆ ಸೈನ್ ಹಾಕು ಅಂದ್ರೆ ಹಾಕೋಕೆ ಮೊದ್ಲು ನನಗೊಂದು ಫೋನ್ ಮಾಡ್ಲಿ, ನಂಬರ್ ನಿಮಗೆ ಬೇರೆಯಾಗಿ ಕಳಿಸ್ತೀನಿ.