ಸೀನನ ಬಿಲ್ಲು, ಸಿದ್ದಣ್ಣನ ಉಪ್ಪು

"ಬಿಲ್ಲು ಹಿಡಿದು ಆಡಿನ ಬೇಟೆಗೆ ಹೋಗಿದ್ದೆ" ಎಂದು ಸೀನ ಬಾಯಿ ಬಿಟ್ಟದ್ದೇ ತಡ, ನಮ್ಮ ಗುಂಪು ಮೂರು ಹೋಳಾಯಿತು. ಮೂರ್ತಿಗೆ ಕೇಳಿಸಿದ್ದು "ಬಿಲ್ಲು" ಮಾತ್ರ. ಸಿದ್ದಣ್ಣನಿಗೆ ಕೇಳಿಸಿದ್ದು "ಆಡು". ಸುಧಕ್ಕನಿಗೆ "ಬೇಟೆ". ನನಗೆ ಯಾವುದೂ ಸರಿಯಾಗಿ ಕೇಳಿಸಲಿಲ್ಲ, ಬಾಯಿ ತುಂಬ ಚಕ್ಕುಲಿ ಇತ್ತು.

ನಾವೆಲ್ಲ ಇರುವುದು ನ್ಯೂಜಿಲೆಂಡಿನ ವೆಲ್ಲಿಂಗ್ಟನ್‌ನಲ್ಲಿ. ಸೀನನದು ಕಂಪ್ಯೂಟರ್ ಕೆಲಸ. ಮೂರ್ತಿ ಲೆಕ್ಕಪತ್ರದವರು, ಆದರೆ ಬಾಯಲ್ಲಿ ಸದಾ ಪುರಾಣ. ಸುಧಕ್ಕ ನರ್ಸ್. ಸಿದ್ದಣ್ಣ ಇಲ್ಲಿ ಬಸ್ ಓಡಿಸುತ್ತಾರೆ. ಹುಟ್ಟಿದ್ದು ಶಿರಾ ಕಡೆಯ ಹಳ್ಳಿ. ಹುಡುಗರಾಗಿದ್ದಾಗ ಶಾಲೆಗಿಂತ ಜಾಸ್ತಿ ಗುಡ್ಡದ ಮೇಲೆ, ಆಡುಗಳ ಹಿಂದೆಯೇ ಇದ್ದವರು.

"ಅಲ್ಲಪ್ಪ, ಆಡಿಗೆ ಬಾಣ ಯಾಕೆ? ಕಿವಿ ಹಿಡಿದರೆ ಬರುತ್ತೆ" ಎಂದರು ಸಿದ್ದಣ್ಣ.

"ಇವು ಸಾಕಿದ ಆಡಲ್ಲ ಸಿದ್ದಣ್ಣ. ಯಾವ ಕಾಲದಲ್ಲೋ ತಪ್ಪಿಸಿಕೊಂಡು ಬೆಟ್ಟ ಸೇರಿದವು. ಮನುಷ್ಯನನ್ನು ಕಂಡರೆ ಮೈಲಿ ದೂರ ಓಡುತ್ತವೆ."

"ನಮ್ಮ ಸಾಕಿದ ಆಡೂ ಹಾಗೇ ಓಡುತ್ತಿದ್ದವು. ಅದಕ್ಕೇ ನಾನು ಇಷ್ಟು ಸಣ್ಣ ಇರೋದು."

ಸೀನ ಹೋಗಿದ್ದು ದಕ್ಷಿಣ ದ್ವೀಪದ ಮಾರ್ಲ್‌ಬರೋ ಪ್ರಾಂತ್ಯಕ್ಕೆ, ಅವಟೆರೆ ಕಣಿವೆಯ ಕಡೆಗೆ. ಕುಕ್ ಜಲಸಂಧಿಯನ್ನು ಫೆರಿಯಲ್ಲಿ ದಾಟಲು ಮೂರೂವರೆ ಗಂಟೆ. ಆಫೀಸಿನ ಗೆಳೆಯನೊಬ್ಬ ಜೊತೆಗಿದ್ದ, ಇಲ್ಲಿಯವನೇ. ಅವನ ಪರಿಚಯದ ರೈತರ ಜಮೀನು. ಕಣಿವೆಯ ಕೆಳಗೆ ಸಾಲು ಸಾಲು ದ್ರಾಕ್ಷಿ ತೋಟ. ಮೇಲೆ ನೋಡಿದರೆ ಬೋಳು ಬೆಟ್ಟ. ಟಸಕ್ ಎನ್ನುವ ಒಣ ಹಳದಿ ಹುಲ್ಲಿನ ಗುಪ್ಪೆಗಳು, ಕಲ್ಲು, ಮತ್ತೆ ಬೆಟ್ಟ. ಅಡಗಿಕೊಳ್ಳೋಣ ಅಂದರೆ ಒಂದು ಮರವೂ ಇಲ್ಲ.

"ಲೈಸೆನ್ಸು?" ಎಂದು ಸುಧಕ್ಕ ಕೇಳಿದರು.

ಬಂದೂಕಿಗೆ ಬೇಕು, ಬಿಲ್ಲಿಗೆ ಬೇಡ. ಖಾಸಗಿ ಜಮೀನಾದರೆ ಮಾಲೀಕರ ಒಪ್ಪಿಗೆ ಬೇಕು. ಸರ್ಕಾರಿ ಸಂರಕ್ಷಿತ ಜಾಗವಾದರೆ ಸಂರಕ್ಷಣಾ ಇಲಾಖೆಯ ಪರವಾನಗಿ ಬೇಕು. ಕಾಡಾಡಿಗೆ ಇಂಥ ತಿಂಗಳು ಅಂತ ಇಲ್ಲ, ಇಷ್ಟೇ ಅಂತ ಮಿತಿಯೂ ಇಲ್ಲ. 1977ರ ಕಾಡುಪ್ರಾಣಿ ನಿಯಂತ್ರಣ ಕಾಯ್ದೆಯ ಪಟ್ಟಿಯಲ್ಲಿ ಜಿಂಕೆಗಳ ಜೊತೆ ಆಡೂ ಕೂತಿದೆ. ಕಾರಣ ಸರಳ. ಈ ದೇಶದ ನೆಲದಲ್ಲಿ ಮೊದಲಿನಿಂದ ಇದ್ದ ಸಸ್ತನಿ ಅಂದರೆ ಬಾವಲಿ ಮಾತ್ರ. ಗಿಡಗಳನ್ನು ಮೋವಾ ಎನ್ನುವ ದೈತ್ಯ ಹಕ್ಕಿ ಕುಕ್ಕಿ ತಿನ್ನುತ್ತಿತ್ತು. ಹಲ್ಲಿನ ಪರಿಚಯ ಆ ಗಿಡಗಳಿಗೆ ಇರಲಿಲ್ಲ. ಅಂಥ ಕಡೆಗೆ ಆಡು ಬಂದರೆ? ಆಡು ಮುಟ್ಟದ ಸೊಪ್ಪಿಲ್ಲ ಅನ್ನೋದನ್ನು ನಾವು ಗಾದೆ ಅಂದುಕೊಂಡಿದ್ದೇವೆ. ಇಲ್ಲಿ ಅದು ಇಲಾಖೆಯ ತಲೆನೋವು.

"ಬಂದರೆ ಅಂತೀಯಲ್ಲ, ಕರೆದುಕೊಂಡು ಬಂದವರು ಯಾರು?" ಎಂದು ಮೂರ್ತಿ ಕನ್ನಡಕ ಸರಿಮಾಡಿಕೊಂಡರು. ಅವರು ಕನ್ನಡಕ ಮುಟ್ಟಿದರೆ ಅರ್ಧ ಗಂಟೆ ನಮ್ಮದಲ್ಲ. "1773ರಲ್ಲಿ ಕ್ಯಾಪ್ಟನ್ ಕುಕ್ ಎರಡನೇ ಸಲ ಬಂದಾಗ ಕ್ವೀನ್ ಶಾರ್ಲೆಟ್ ಸೌಂಡ್ ಎನ್ನುವ ಕೊಲ್ಲಿಯಲ್ಲಿ ಆಡು ಇಳಿಸಿದರು. ನಿನ್ನ ಫೆರಿ ಹೋಗಿ ನಿಂತದ್ದು ಅದೇ ನೀರಿನಲ್ಲಿ. ಆ ಕಾಲದಲ್ಲಿ ಆಡಿಗೆ ಎಂಥ ಮರ್ಯಾದೆ ಗೊತ್ತಾ? ಒಂದು ಆಡು ಭೂಮಿಯನ್ನು ಎರಡು ಸಲ ಸುತ್ತಿದೆ. ಮೊದಲು ಡಾಲ್ಫಿನ್ ಎನ್ನುವ ಹಡಗಿನಲ್ಲಿ, ಆಮೇಲೆ ಕುಕ್ ಜೊತೆ ಎಂಡೆವರ್‌ನಲ್ಲಿ. ಹಾಲು ಕೊಡುವುದೇ ಅದರ ಉದ್ಯೋಗ. ಇಂಗ್ಲಿಷ್ ನಿಘಂಟು ಬರೆದ ಸ್ಯಾಮ್ಯುಯೆಲ್ ಜಾನ್ಸನ್ ಅಂಥವನು ಅದರ ಮೇಲೆ ಲ್ಯಾಟಿನ್‌ನಲ್ಲಿ ಎರಡು ಸಾಲು ಪದ್ಯ ಬರೆದ."

"ಆಡು ಎರಡು ಸಲ ಭೂಮಿ ಸುತ್ತಿತು. ನನಗೆ ಆಕ್ಲೆಂಡಿಗೆ ಹೋಗಿಬರೋಕೂ ರಜೆ ಸಿಗಲ್ಲ" ಎಂದರು ಸುಧಕ್ಕ.

ಕುಕ್‌ನ ಮೇಲೇ ಎಲ್ಲ ಹೊರಿಸುವುದು ಸರಿಯಲ್ಲ. ಆಮೇಲೆ ಬಂದ ವಲಸೆಗಾರರು ಹಾಲಿಗೆ, ಮಾಂಸಕ್ಕೆ, ಮುಳ್ಳುಗಿಡ ತಿನ್ನಿಸಲಿಕ್ಕೆ ಅಂತ ಮತ್ತೆ ಮತ್ತೆ ತಂದರು. 1980ರ ದಶಕದಲ್ಲಿ ಇಲ್ಲಿ ಆಡಿನ ಹುಚ್ಚೇ ಹಿಡಿದಿತ್ತು. ಅಂಗೋರಾ ತಳಿಯ ಕೂದಲಿಗೆ ಒಳ್ಳೆ ಬೆಲೆ ಬಂತು. ಬೆಟ್ಟದ ಕಾಡಾಡುಗಳನ್ನೇ ಹಿಡಿದು ತಂದು ಅಂಗೋರಾ ಹೋತದ ಜೊತೆ ಕೂಡಿಸಿದರು. ಬೆಲೆ ಬಿತ್ತು. ಬೇಲಿ ಹಾರುವುದರಲ್ಲಿ ಆಡಿಗೆ ಯಾರೂ ಹೇಳಿಕೊಡಬೇಕಿಲ್ಲ. ಎಷ್ಟೋ ಮತ್ತೆ ಬೆಟ್ಟ ಸೇರಿದವು.

"ಲಾಭ ಇದ್ದಾಗ ಲಕ್ಷ್ಮಿ, ನಷ್ಟ ಆದಮೇಲೆ ಪೀಡೆ" ಎಂದು ಸಿದ್ದಣ್ಣ ಚಹಾ ಹೀರಿದರು. "ಸರಿ, ಬಿಲ್ಲು ತೋರಿಸು."

ಸೀನ ಪೆಟ್ಟಿಗೆ ತೆರೆದ. ಮೂರ್ತಿಯವರ ಮುಖ ಬಾಡಿಹೋಯಿತು. ಅವರ ಮನಸ್ಸಿನಲ್ಲಿ ಇದ್ದದ್ದು ಗಾಂಡೀವ. ಪೆಟ್ಟಿಗೆಯಲ್ಲಿದ್ದದ್ದು ಎರಡು ತುದಿಗೂ ರಾಟೆ, ಸುತ್ತ ತಂತಿ, ನಡುವೆ ಗುರಿ ನೋಡುವ ಬಣ್ಣದ ಕಡ್ಡಿಗಳು. "ಇದೇನೋ, ಬಾವಿ ಸೇದೋ ಸಾಮಾನು!"

ರಾಟೆಯಲ್ಲೇ ಇರುವುದು ಗುಟ್ಟು ಎಂದ ಸೀನ. ಹೆದೆ ಎಳೆಯುವಾಗ 27 ಕೆ.ಜಿ. ಭಾರ. ಪೂರ್ತಿ ಎಳೆದಾದ ಮೇಲೆ ರಾಟೆ ತಿರುಗಿ ಕೈಮೇಲೆ ಉಳಿಯುವುದು ಐದಾರು ಕೆ.ಜಿ. ಮಾತ್ರ. ಹಾಗಾಗಿ ನಡುಗದೆ ಗುರಿ ಹಿಡಿದು ನಿಲ್ಲಬಹುದು.

"ಶಿವಧನುಸ್ಸಿಗೆ ಈ ರಾಟೆ ಇದ್ದಿದ್ದರೆ ರಾವಣನೇ ಜನಕನ ಅಳಿಯ ಆಗುತ್ತಿದ್ದ" ಎಂದು ಮೂರ್ತಿ ನಿಟ್ಟುಸಿರು ಬಿಟ್ಟರು. ಆಮೇಲೆ ಸ್ವಲ್ಪ ಚೇತರಿಸಿಕೊಂಡು "ಶಬ್ದವೇಧಿ ಬರುತ್ತಾ?" ಎಂದರು.

"ಅಯ್ಯೋ, ಅದನ್ನು ಇಲ್ಲಿ ಮಾಡಿದರೆ ಜೈಲು! ಈ ದೇಶದಲ್ಲಿ ಬೇಟೆಗಾರರಿಗೆ ಮೊದಲು ಬಾಯಿಪಾಠ ಮಾಡಿಸೋದೇ ಅದು. ಎದುರಿಗಿರುವುದು ಏನು ಅಂತ ಸಂಶಯ ಪೂರ್ತಿ ಹೋಗುವ ತನಕ ಹೊಡೆಯಬೇಡ. ಸದ್ದು ಕೇಳಿ, ಅಲ್ಲಾಡಿದ್ದು ನೋಡಿ ಹೊಡೆಯೋ ಹಾಗಿಲ್ಲ."

ಮೂರ್ತಿ ಸುಮ್ಮನಾದರು. ದಶರಥ ಈ ಒಂದು ನಿಯಮ ಪಾಲಿಸಿದ್ದರೆ ಶ್ರವಣಕುಮಾರ ಬದುಕುತ್ತಿದ್ದ, ಶಾಪ ಇಲ್ಲ, ಪುತ್ರವಿಯೋಗ ಇಲ್ಲ, ಇಡೀ ರಾಮಾಯಣವೇ ಅಯೋಧ್ಯಾಕಾಂಡ ದಾಟುತ್ತಿರಲಿಲ್ಲ. ಆ ಲೆಕ್ಕವನ್ನು ಅವರು ಮನಸ್ಸಿನಲ್ಲೇ ಹಾಕುತ್ತಿದ್ದರು ಅಂತ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಈಗ ಆ ದಿನದ ಕಥೆ. ಬಂದೂಕಿನವನು ಇನ್ನೂರು ಮುನ್ನೂರು ಮೀಟರ್ ದೂರದಲ್ಲಿ ಮಲಗಿ ಕೆಲಸ ಮುಗಿಸುತ್ತಾನೆ. ಬಿಲ್ಲಿನವನು ಇಪ್ಪತ್ತು ಮೂವತ್ತು ಮೀಟರ್, ಬಹಳ ಅಂದರೆ ನಲವತ್ತು ಮೀಟರ್ ಹತ್ತಿರಕ್ಕೆ ಹೋಗಬೇಕು. ಬೋಳು ಬೆಟ್ಟದಲ್ಲಿ, ಕಣ್ಣು ಮೂಗು ಕಿವಿ ಮೂರೂ ಚುರುಕಾದ ಪ್ರಾಣಿಯ ಹತ್ತಿರಕ್ಕೆ! ಹಾಗಾಗಿ ಬಿಲ್ಲು ಬೇಟೆ ಅಂದರೆ ಮುಕ್ಕಾಲು ಪಾಲು ತೆವಳುವುದು. ಉಳಿದದ್ದು ಕಾಯುವುದು. ಬಾಣ ಬಿಡುವ ಕೆಲಸ ಎರಡು ಸೆಕೆಂಡ್ ಕೂಡ ಇರುವುದಿಲ್ಲ.

ತೆವಳಬೇಕಾದ ನೆಲವೂ ಸಾಧಾರಣದ್ದಲ್ಲ. ಮಟಗೌರಿ ಅಂತ ಒಂದು ಮುಳ್ಳುಪೊದೆ ಇದೆ. ಹೆಸರು ಕೇಳಿ ಸುಧಕ್ಕ "ಯಾವ ದೇವಸ್ಥಾನ?" ಎಂದು ಕೇಳಿಯೇಬಿಟ್ಟರು. ಅದಕ್ಕೆ ಇಲ್ಲಿನವರು ಇಟ್ಟ ಅಡ್ಡಹೆಸರು ವೈಲ್ಡ್ ಐರಿಷ್‌ಮನ್. ಇನ್ನೊಂದು ಈಟಿಯಂಥ ಎಲೆಯ ಗಿಡದ ಗುಪ್ಪೆ. ಅದರ ಅಡ್ಡಹೆಸರು ಸ್ಪೇನಿಯಾರ್ಡ್. ಸೀನ ಹೇಳಿದ ಪ್ರಕಾರ, ಹತ್ತುವಾಗ ಐರಿಷ್‌ನವನು ಪ್ಯಾಂಟು ಹಿಡಿದ. ಸುಸ್ತಾಗಿ ಕೂತರೆ ಕೆಳಗೆ ಸ್ಪೇನಿನವನು ಕಾಯುತ್ತಿದ್ದ.

"ಗಾಳಿ ನೋಡಿದೆಯಾ?" ಎಂದು ಸಿದ್ದಣ್ಣ ಕೇಳಿದರು. ಅಲ್ಲಿಯವರೆಗೆ ತಮಾಷೆಗೆ ಕೇಳುತ್ತಿದ್ದವರು ಈಗ ಮುಂದಕ್ಕೆ ಬಾಗಿ ಕೂತಿದ್ದರು.

ನೋಡಿದ್ದ. ಬೇಟೆಗಾರರು ಸಣ್ಣ ಡಬ್ಬಿಯಲ್ಲಿ ವಾಸನೆ ಇಲ್ಲದ ಪುಡಿ ಇಟ್ಟುಕೊಂಡಿರುತ್ತಾರೆ. ಒತ್ತಿದರೆ ಪುಡಿ ಹಾರಿ ಗಾಳಿಯ ದಿಕ್ಕು ತೋರಿಸುತ್ತದೆ. ಸೀನನ ಡಬ್ಬಿಯಲ್ಲಿ ಇದ್ದದ್ದು ಮೂರ್ತಿ ಕೊಟ್ಟಿದ್ದ ವಿಭೂತಿ. ಮೂರ್ತಿಗೆ ಸಿಟ್ಟು ಮಾಡಿಕೊಳ್ಳಬೇಕೋ ಹೆಮ್ಮೆಪಡಬೇಕೋ ತಿಳಿಯಲಿಲ್ಲ. "ಕಿರಾತನ ವೇಷದಲ್ಲಿ ಶಿವನೂ ಬೇಟೆಗೆ ಹೋಗಿದ್ದ ಬಿಡು" ಎಂದು ತಾವೇ ಸಮಾಧಾನ ಮಾಡಿಕೊಂಡರು.

ಬೆಳಗಿನ ತಂಪಿನಲ್ಲಿ ಗಾಳಿ ಇಳಿಜಾರಿನ ಮೇಲಿಂದ ಕೆಳಕ್ಕೆ ಹರಿಯುತ್ತದೆ. ಆಡುಗಳು ಮೇಲಿದ್ದವು, ಸೀನ ಕೆಳಗಿದ್ದ. ಅವನ ವಾಸನೆ ಅವುಗಳಿಗೆ ತಲುಪುವ ಹಾಗಿರಲಿಲ್ಲ. ಬಹಳ ಹೊತ್ತು ತೆವಳಿ ಅರವತ್ತು ಮೀಟರ್ ತನಕ ಹೋದ. ಅಷ್ಟರಲ್ಲಿ ಬಿಸಿಲು ಬೆಟ್ಟಕ್ಕೆ ತಾಗಿತು. ನೆಲ ಬಿಸಿಯಾಯಿತು, ಗಾಳಿ ಮೇಲಕ್ಕೆ ತಿರುಗಿತು. ವಿಭೂತಿ ಸೀದಾ ಆಡುಗಳ ಕಡೆ ಹೋಯಿತು. ಒಂದು ಮುದಿ ಹೆಣ್ಣಾಡು ತಲೆ ಎತ್ತಿ ಮೂಗಿನಲ್ಲಿ ಫಕ್ ಅಂತ ಸದ್ದು ಮಾಡಿತು. ಮರುಕ್ಷಣ ಬೆಟ್ಟ ಖಾಲಿ.

"ಅದೇ ಹಿಂಡಿನ ಯಜಮಾನಿ!" ಎಂದು ಸಿದ್ದಣ್ಣ ತೊಡೆ ತಟ್ಟಿದರು. "ಹೋತಕ್ಕೆ ಗಡ್ಡ ಇರುತ್ತೆ, ಕೊಂಬು ಇರುತ್ತೆ, ಬುದ್ಧಿ ಎಲ್ಲಾ ಮುದುಕಿ ಹತ್ತಿರ. ನೀನು ಅವಳನ್ನೇ ನೋಡಬೇಕಿತ್ತು. ಆಡು ಸೀನಿದರೆ ಸೀನ ಕೆಟ್ಟ. ಓಡಿದ್ದು ಎತ್ತ? ಮೇಲಕ್ಕೆ ತಾನೆ? ಹೆದರಿದ ಆಡು ಕೆಳಗೆ ಓಡಲ್ಲ. ಮಧ್ಯಾಹ್ನ ಬಂಡೆ ಮೇಲೆ ಮಲಗಿ ಮೆಲುಕು ಹಾಕುತ್ತೆ. ಮಲಗಿದಾಗ ಕೆಳಗಡೆ ನೋಡುತ್ತೆ, ಹಿಂದಕ್ಕೆ ಮೇಲಕ್ಕೆ ಅಷ್ಟು ನೋಡಲ್ಲ. ಹಿಂದಿನಿಂದ ಬಳಸಿ ಮೇಲಿಂದ ಇಳಿಯಬೇಕು."

ಸೀನ ಬಿಟ್ಟ ಬಾಯಿ ಬಿಟ್ಟ ಹಾಗೇ ಕೂತ. ಅವನ ಗೆಳೆಯ ಅಲ್ಲಿ ಮಾಡಿಸಿದ್ದೂ ಇದನ್ನೇ. ಬೆಟ್ಟದ ಬೆನ್ನು ಸುತ್ತಿ, ಶಿಖರ ದಾಟಿ, ಮೇಲೆ ಬರುವ ಗಾಳಿಯನ್ನು ಮುಖಕ್ಕೆ ಹಿಡಿದು ಇಳಿದಿದ್ದರು. ಇದನ್ನು ಕಲಿಯಲು ಸೀನ ಎಷ್ಟೋ ವಿಡಿಯೋ ನೋಡಿದ್ದ. ಸಿದ್ದಣ್ಣನಿಗೆ ಯಾರೂ ತೋರಿಸಿರಲಿಲ್ಲ. ಸಂಜೆ ಒಂದು ಮರಿ ಕಮ್ಮಿಯಾದರೆ ಅಪ್ಪನ ಕೈಯಲ್ಲಿ ಬಾಸುಂಡೆ, ಅಷ್ಟೇ ಪಾಠ.

ಮೇಲಿಂದ ಹೊಡೆಯುವಾಗ ಇನ್ನೊಂದು ತಾಪತ್ರಯ. ದೂರ ಅಳೆಯುವ ಯಂತ್ರ 40 ಮೀಟರ್ ಅನ್ನುತ್ತದೆ. ಇಳಿಜಾರು 45 ಡಿಗ್ರಿ ಇದ್ದರೆ ಬಾಣದ ಮಟ್ಟಿಗೆ ಅದು 28 ಮೀಟರ್. ಭೂಮಿ ಎಳೆಯುವುದು ನೇರ ಕೆಳಕ್ಕೆ, ಅಡ್ಡಲಾಗಿ ಎಷ್ಟು ದೂರ ಅನ್ನುವುದೇ ಲೆಕ್ಕ. ನಲವತ್ತಕ್ಕೆ ಗುರಿ ಇಟ್ಟರೆ ಬಾಣ ಬೆನ್ನ ಮೇಲಿಂದ ಹಾರಿಹೋಗುತ್ತದೆ. ಸೀನನ ಮೊದಲ ಬಾಣ ಹಾಗೇ ಹೋಯಿತು. ಪಿಯುಸಿಯಲ್ಲಿ ತ್ರಿಕೋನಮಿತಿ ಯಾಕೆ ಓದಬೇಕು ಅಂತ ಮೇಷ್ಟರ ಹತ್ತಿರ ವಾದ ಮಾಡಿದ್ದವನು ಇವನೇ. ಆ ಬಾಣ ಹಳದಿ ಹುಲ್ಲಿನಲ್ಲಿ ಮಾಯವಾಯಿತು. ಬಾಣ ಹುಡುಕಿದ ಹೊತ್ತು ಬೇಟೆಯ ಹೊತ್ತಿಗಿಂತ ಜಾಸ್ತಿ ಎಂದು ಅವನೇ ಹೇಳಿದ.

"ಪಾಪ, ಗುಂಡಾದರೆ ತಕ್ಷಣ ಹೋಗುತ್ತೆ. ಬಾಣ ನೋವಲ್ವಾ?" ಎಂದರು ಸುಧಕ್ಕ.

ಈ ಪ್ರಶ್ನೆಗೆ ಸೀನ ನಗಲಿಲ್ಲ. ಬಾಣದ ಮೊನೆ ಬ್ಲೇಡಿನಷ್ಟು ಹರಿತ ಇರಬೇಕು. ಆಡು ಅಡ್ಡಲಾಗಿ ನಿಂತಿರಬೇಕು. ಭುಜದ ಹಿಂದೆ, ಎದೆಗೂಡಿಗೆ ಮಾತ್ರ. ಇಲ್ಲದಿದ್ದರೆ ಬಿಡಲೇಬಾರದು. ಎದುರಿಗೆ ದೊಡ್ಡ ಹೋತ ನಿಂತಿದ್ದರೂ ಕೋನ ಸರಿಯಿಲ್ಲ ಅಂತ ಬಿಲ್ಲು ಇಳಿಸಿದ್ದನಂತೆ. ಆದರೂ ಸುಧಕ್ಕನ ಮಾತು ತಳ್ಳಿಹಾಕುವಂಥದ್ದಲ್ಲ. ಬ್ರಿಟನ್ನಿನಲ್ಲಿ ಬಿಲ್ಲು ಬೇಟೆಗೆ ಅವಕಾಶವೇ ಇಲ್ಲ. ಪಕ್ಕದ ದಕ್ಷಿಣ ಆಸ್ಟ್ರೇಲಿಯಾ ರಾಜ್ಯ 2024ರಲ್ಲಿ ನಿಲ್ಲಿಸಿತು. ನನ್ನನ್ನು ಕೇಳಿದರೆ, ಕಾಡು ಉಳಿಸಲು ಬಿಲ್ಲು ಹಿಡಿಯುತ್ತೇವೆ ಅನ್ನುವುದು ಸ್ವಲ್ಪ ಬಡಾಯಿ. ಟಾರನಾಕಿ ಪರ್ವತದ ರಾಷ್ಟ್ರೀಯ ಉದ್ಯಾನದಲ್ಲಿ ಆಡು ತೆಗೆಯುವ ಕೆಲಸ ಶುರುವಾದದ್ದು 1925ರಲ್ಲಿ. ಮುಗಿಯಿತು ಎಂದು ಹೇಳಿದ್ದು 2022ರಲ್ಲಿ. ಬಂದೂಕು, ನಾಯಿ, ಹೆಲಿಕಾಪ್ಟರ್ ಇದ್ದೂ ಒಂದು ಪರ್ವತಕ್ಕೆ ಇಷ್ಟು ಕಾಲ. ಐದು ತಿಂಗಳಿಗೆ ಈಯುವ, ಎಷ್ಟೋ ಸಲ ಅವಳಿ ಹಾಕುವ ಪ್ರಾಣಿ ಅದು. ಸೀನನ ಬಿಲ್ಲು ಆಡಿನ ಸಂಖ್ಯೆಗೆ ಏನೂ ಮಾಡುವುದಿಲ್ಲ. ಸೀನನ ಹೊಟ್ಟೆಯ ಸುತ್ತಳತೆಗೆ ಸ್ವಲ್ಪ ಮಾಡಬಹುದು.

ಗಲಾಪಗೋಸ್ ದ್ವೀಪಗಳಲ್ಲಿ ಲಕ್ಷಕ್ಕೂ ಜಾಸ್ತಿ ಆಡು ತೆಗೆದರಲ್ಲ, ಅಲ್ಲಿನ ಉಪಾಯ ಮೂರ್ತಿ ಹೇಳಿದರು. ಒಂದು ಆಡಿನ ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ ಬಿಡುವುದು. ಆಡಿಗೆ ಒಂಟಿ ಇರೋಕಾಗಲ್ಲ. ಅಡಗಿದ ಹಿಂಡನ್ನು ಹುಡುಕಿ ಸೇರಿಕೊಳ್ಳುತ್ತದೆ. ಹಿಂದೆಯೇ ಹೆಲಿಕಾಪ್ಟರ್ ಬಂದು ಇದೊಂದನ್ನು ಬಿಟ್ಟು ಉಳಿದವನ್ನು ಮುಗಿಸುತ್ತದೆ. ಅದು ಮತ್ತೊಂದು ಹಿಂಡು ಹುಡುಕಿಕೊಂಡು ಹೋಗುತ್ತದೆ. ಏಸುವನ್ನು ಹಿಡಿದುಕೊಟ್ಟ ಯೂದನ ಹೆಸರು ಅದಕ್ಕೆ.

"ಥೂ, ಆಡಿಗೂ ರಾಜಕೀಯ ಕಲಿಸಿದರಾ" ಎಂದರು ಸಿದ್ದಣ್ಣ.

ಕೊನೆಗೆ ಸೀನ ಒಂದು ಎಳೆಯ ಹೆಣ್ಣಾಡನ್ನು ಹೊಡೆದಿದ್ದ. ಹೋತ ಹೊಡೆಯಲಿಲ್ಲವಾ ಎಂದು ಮೂರ್ತಿ ಕೇಳಿದ್ದಕ್ಕೆ ಸಿದ್ದಣ್ಣನೇ ಉತ್ತರ ಕೊಟ್ಟರು. "ಬೆದೆಗೆ ಬಂದ ಹೋತ ತನ್ನ ಗಡ್ಡಕ್ಕೆ ತಾನೇ ಉಚ್ಚೆ ಹೊಯ್ದುಕೊಳ್ಳುತ್ತೆ. ಅದನ್ನು ಬೇಯಿಸಿದರೆ ಬಾಡಿಗೆ ಮನೆ ಖಾಲಿ ಮಾಡಬೇಕಾಗುತ್ತೆ." ಬೆನ್ನಿನ ಮಾಂಸ, ಹಿಂದಿನ ತೊಡೆ ಬೆನ್ನಮೇಲೆ ಹೊತ್ತು ಇಳಿಸಿ, ಐಸ್ ಪೆಟ್ಟಿಗೆಯಲ್ಲಿ ಸಮುದ್ರ ದಾಟಿಸಿ ತಂದಿದ್ದ. ಬೆಟ್ಟದಲ್ಲಿ ಓಡಾಡಿದ ಆಡು, ಕೊಬ್ಬಿಲ್ಲ, ಬೇಗ ಬೇಯಲ್ಲ. ಕುಕ್ಕರ್ ಕೂಗುತ್ತಲೇ ಇತ್ತು. ಸಿದ್ದಣ್ಣ ಮುದ್ದೆ ತಿರುವಿದರು. ಬೇಟೆಯ ಪರವಾಗಿ ಪುರಾಣವೆಲ್ಲ ಹೇಳಿದ ಮೂರ್ತಿ ಮೊಸರನ್ನ ತಿಂದರು. "ಪಾಪ, ಪಾಪ" ಎನ್ನುತ್ತಿದ್ದ ಸುಧಕ್ಕ ಎರಡು ಸಲ ಸಾರು ಹಾಕಿಸಿಕೊಂಡರು.

ಊಟದ ಮಧ್ಯೆ ಸಿದ್ದಣ್ಣ ಘೋಷಿಸಿದರು. "ಮುಂದಿನ ಸಲ ನಾನೂ ಬರ್ತೀನಿ. ನನಗೆ ಬಿಲ್ಲು ಬೇಡ. ಒಂದು ಹಿಡಿ ಉಪ್ಪು ಸಾಕು. ಬಂಡೆ ಮೇಲೆ ಉಪ್ಪು ಹಾಕಿ ಬಾ ಬಾ ಅಂತ ಕರೀತೀನಿ."

"ಇನ್ನೂರೈವತ್ತು ವರ್ಷದಿಂದ ಅವು ಯಾರ ಮಾತೂ ಕೇಳಿಲ್ಲ ಸಿದ್ದಣ್ಣ."

"ಇನ್ನೂರೈವತ್ತು ವರ್ಷದಿಂದ ಇಂಗ್ಲಿಷ್‌ನಲ್ಲಿ ಕರೆದಿದ್ದಾರೆ."

ಪಂದ್ಯ ಕಟ್ಟಿದ್ದಾಯಿತು. ಸೋತವರು ಆರು ತಿಂಗಳು ಎಲ್ಲರಿಗೂ ಚಹಾ ಮಾಡಬೇಕು. ಸೀನ ಅಲ್ಲೇ ಜಮೀನಿನ ಮಾಲೀಕರಿಗೆ ಸಂದೇಶ ಕಳಿಸಿದ. ಇಬ್ಬರು ಬರುತ್ತೇವೆ, ಒಬ್ಬರ ಕೈಯಲ್ಲಿ ಬಿಲ್ಲು, ಇನ್ನೊಬ್ಬರ ಕೈಯಲ್ಲಿ ಉಪ್ಪು, ಪರವಾಗಿಲ್ಲವಾ?

ಉತ್ತರ ಬೇಗ ಬಂತು. "ಏನು ಬೇಕಾದರೂ ತನ್ನಿ. ಗೇಟು ಹೇಗಿತ್ತೋ ಹಾಗೇ ಬಿಟ್ಟು ಹೋಗಿ."