ನವಣೆ ಬಿಟ್ಟು ಬೇರೇನೂ ಮುಟ್ಟದ ಜೀಬ್ರಾ ಫಿಂಚ್: ಏನು ಮಾಡಬೇಕು?

ಗೂಡುಮನೆ: ನಮ್ಮನೆಯಲ್ಲಿ ಎರಡು ಜೋಡಿ ಜೀಬ್ರಾ ಫಿಂಚ್ ಹಕ್ಕಿಗಳಿವೆ. ಅಂಗಡಿಯಿಂದ ತಂದಾಗಿನಿಂದ ನವಣೆ ಬಿಟ್ಟು ಬೇರೇನೂ ತಿಂದಿಲ್ಲ. ಕೊತ್ತಂಬರಿ ಕಟ್ಟಿದರೆ ಆ ಮೂಲೆಗೇ ಹೋಗುವುದಿಲ್ಲ. ಸೌತೆಕಾಯಿ ಇಟ್ಟರೆ ಸಂಜೆಗೆ ಬಾಡಿ ಹಾಗೇ ಬಿದ್ದಿರುತ್ತದೆ. ಒಂದು ಹೆಣ್ಣು ಗೂಡಿಗೆ ನಾರು ಒಯ್ಯುತ್ತಿದೆ, ಮೊಟ್ಟೆ ಇಡುವ ಹಾಗಿದೆ. ಬೇರೆ ಆಹಾರ ರೂಢಿ ಮಾಡಿಸುವುದು ಹೇಗೆ?

ತುಂಗಾತೀರ: ಬರೀ ನವಣೆ ಅಂದರೆ ದಿನಾ ಬರೀ ಅನ್ನ ಉಂಡ ಹಾಗೆ. ಹೊಟ್ಟೆ ತುಂಬುತ್ತದೆ, ಅಷ್ಟೇ. ಒಣ ಕಾಳಿನಲ್ಲಿ ವಿಟಮಿನ್ ಎ ಇಲ್ಲವೆಂದೇ ಹೇಳಬೇಕು, ಕ್ಯಾಲ್ಸಿಯಂ ತೀರಾ ಕಡಿಮೆ. ಮೊದಲು ಅವಕ್ಕೆ ಗೊತ್ತಿರುವ ಕಾಳಿನಿಂದಲೇ ಶುರು ಮಾಡಿ. ನವಣೆಯ ಜೊತೆ ಸಾಮೆ, ಬರಗು ಬೆರೆಸಿ. ಅದನ್ನೇ ರಾತ್ರಿ ನೆನೆಸಿ, ಬೆಳಿಗ್ಗೆ ನಾಲ್ಕೈದು ನೀರಿನಲ್ಲಿ ತೊಳೆದು, ಬಟ್ಟೆ ಕಟ್ಟಿಡಿ. ಬಿಳಿ ಮೂತಿ ಕಾಣಿಸಿದ ಕೂಡಲೇ ಕೊಡಿ, ಹುಳಿ ವಾಸನೆ ಬಂದರೆ ಚೆಲ್ಲಿ. ಸೊಪ್ಪನ್ನು ಕಾಳಿನ ಗಾತ್ರಕ್ಕೆ ಹೆಚ್ಚಿ ಈ ಮೊಳಕೆಗೆ ಕಲಸಿ. ಬೆಳಿಗ್ಗೆ ಮೊದಲು ಇದು, ಒಂದು ಗಂಟೆ ಬಿಟ್ಟು ಒಣ ಕಾಳು. ಮೊಟ್ಟೆ ಇಡುವ ಹೆಣ್ಣಿಗೆ ಬೇಯಿಸಿದ ಕೋಳಿಮೊಟ್ಟೆ, ಕಟಲ್ ಬೋನ್ (ಕಟಲ್ ಮೀನಿನ ಸುಣ್ಣದಂಥ ಒಳಚಿಪ್ಪು) ಎರಡೂ ಬೇಕೇ ಬೇಕು.

ಚಳ್ಳಕೆರೆ ನವಣೆ ರೈತ: "ಬರೀ ಅನ್ನ ಉಂಡ ಹಾಗೆ" ಅಂತೀರಲ್ಲ, ನವಣೆಯನ್ನು ಅನ್ನಕ್ಕೆ ಹೋಲಿಸಬೇಡಿ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಸುಮ್ನೆ ಆಚರಿಸಲಿಲ್ಲ. ನವಣೆಯಲ್ಲಿ 100 ಗ್ರಾಂಗೆ ಸುಮಾರು 12 ಗ್ರಾಂ ಪ್ರೋಟೀನ್ ಇದೆ, ಅಕ್ಕಿಯಲ್ಲಿ 7ರ ಆಸುಪಾಸು. ಕ್ಯಾಲ್ಸಿಯಂ ಬೇಕಾದರೆ ರಾಗಿ ಬೆರೆಸಿ, 100 ಗ್ರಾಂಗೆ 340 ಮಿಲಿಗ್ರಾಂ ಸಿಗುತ್ತದೆ. ಆಸ್ಟ್ರೇಲಿಯಾದ ಒಣ ಸೀಮೆಯಲ್ಲಿ ಈ ಹಕ್ಕಿ ಹುಲ್ಲಿನ ಬೀಜ ತಿಂದೇ ಬದುಕುತ್ತದೆ. ಅಲ್ಲಿ ಮೊಟ್ಟೆ ಬೇಯಿಸಿ ಕೊಡುವವರು ಯಾರು?

ಕರಾವಳಿ ಹಕ್ಕಿಮನೆ: ಮೊಟ್ಟೆಯ ವಿಷಯದಲ್ಲಿ ರೈತರ ಮಾತು ಸರಿ. ನಮ್ಮನೆಗೆ ಮೊಟ್ಟೆ ತರುವ ಪದ್ಧತಿ ಇಲ್ಲ. ಆದರೂ ಹಾಲ್‌ನ ಗಾಜಿನ ಕಿಟಕಿ ಹಿಂದೆ ಪಂಜರ ಇಟ್ಟು ವರ್ಷಗಳಿಂದ ಸಾಕುತ್ತಿದ್ದೇನೆ, ಮರಿಗಳೂ ಆಗಿವೆ. ನುಗ್ಗೆ ಸೊಪ್ಪು, ಮೊಳಕೆ ಸಾಕು. ಹಕ್ಕಿಗೆ ಹಕ್ಕಿಯ ಮೊಟ್ಟೆ ತಿನ್ನಿಸುವುದು ಮನಸ್ಸಿಗೆ ಒಗ್ಗಲ್ಲ. ರುಚಿ ಹತ್ತಿದರೆ ತಮ್ಮ ಗೂಡಿನ ಮೊಟ್ಟೆಯನ್ನೇ ಒಡೆದು ತಿನ್ನುತ್ತವೆ.

ತುಂಗಾತೀರ: ರುಚಿ ಹತ್ತುತ್ತದೆ ಅನ್ನುವುದು ಬರೀ ಬಾಯಿಮಾತು. ಬೆಂದು ಪುಡಿಯಾದ ಮೊಟ್ಟೆಗೂ ಗೂಡಿನಲ್ಲಿರುವ ಮೊಟ್ಟೆಗೂ ಹಕ್ಕಿ ನಂಟು ಕಟ್ಟುವುದಿಲ್ಲ. ಸಿಪ್ಪೆ ತೆಳುವಾದರೆ, ಪಂಜರದಲ್ಲಿ ಗದ್ದಲ ಜಾಸ್ತಿಯಾದರೆ ಮೊಟ್ಟೆ ಒಡೆಯುತ್ತದೆ. ಲೆಕ್ಕ ನೋಡಿ: ಹೆಣ್ಣಿನ ತೂಕ 12 ಗ್ರಾಂ ಆಸುಪಾಸು, ಒಂದು ಮೊಟ್ಟೆ ಸುಮಾರು 1 ಗ್ರಾಂ. ದಿನಕ್ಕೊಂದರಂತೆ ನಾಲ್ಕೈದು ಇಡುತ್ತದೆ. ಅಷ್ಟು ಸಿಪ್ಪೆಗೆ ಸುಣ್ಣದಂಶ ಎಲ್ಲಿಂದ ಬರಬೇಕು?

ಚಳ್ಳಕೆರೆ ನವಣೆ ರೈತ: ಸುಣ್ಣದಂಶ ರಾಗಿಯಿಂದ ಬರುತ್ತದೆ ಅಂತ ಮೇಲೇ ಬರೆದಿದ್ದೇನೆ. ಓದಿ.

ದಾವಣಗೆರೆ ಪಕ್ಷಿಮಿತ್ರ: "ಮನಸ್ಸಿಗೆ ಒಗ್ಗಲ್ಲ" ಅಂದರೇನು? ತಿನ್ನುವುದು ನೀವಲ್ಲ, ಹಕ್ಕಿ. ಸುಣ್ಣದಂಶ ಸಾಲದೆ, ಮೊಟ್ಟೆ ಹೊರಬರದೆ ಒಳಗೇ ಸಿಕ್ಕಿಕೊಂಡ ಹೆಣ್ಣನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಪಂಜರದ ತಳದಲ್ಲಿ ಗರಿ ಉಬ್ಬಿಸಿ ಕೂತಿತ್ತು. ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಸಂಜೆಗೆ ಹೋಯಿತು. ಅದರ ಮುಂದೆ ಮನೆ ಪದ್ಧತಿ ಮಾತಾಡಬೇಡಿ.

ಕರಾವಳಿ ಹಕ್ಕಿಮನೆ: ಮಾತು ನೆಟ್ಟಗಿರಲಿ. ಮನೆ ಪದ್ಧತಿ ನಮಗೆ ಬಿಟ್ಟಿದ್ದು. ಕಟಲ್ ಬೋನ್ ಬೇಡ ಅಂತ ನಾನು ಎಲ್ಲೂ ಹೇಳಿಲ್ಲ. ಮೊಟ್ಟೆಯಿಂದ ಬರುವ ರೋಗದ ಮಾತು ಯಾಕೆ ಯಾರೂ ಆಡುತ್ತಿಲ್ಲ? ಬೇಸಿಗೆಯಲ್ಲಿ ಬೆಂದ ಮೊಟ್ಟೆ ಎಷ್ಟು ಹೊತ್ತು ಕೆಡದೆ ಇರುತ್ತದೆ?

ದಾವಣಗೆರೆ ಪಕ್ಷಿಮಿತ್ರ: ಎರಡು ಗಂಟೆಯಲ್ಲಿ ಬಟ್ಟಲು ತೆಗೆದರೆ ಏನೂ ಆಗಲ್ಲ. ಇಡೀ ದಿನ ಬಿಡಿ ಅಂತ ಹೇಳಿದವರು ಯಾರು? ಮೊಳಕೆ ಕಾಳೂ ಕೆಡುತ್ತದೆ, ಬೂಸ್ಟು ಹಿಡಿಯುತ್ತದೆ. ಅದಕ್ಕೆ ಮಾತ್ರ ನಿಮ್ಮ ತಕರಾರಿಲ್ಲ.

ಅಡಿಲೇಡ್ ಕನ್ನಡಿಗ: "ಹುಲ್ಲಿನ ಬೀಜ ತಿಂದೇ ಬದುಕುತ್ತದೆ" ಅಂದಿದ್ದಾರೆ ರೈತರು. ಇಲ್ಲಿ ಕಾಡಿನಲ್ಲಿ ಅದು ಒಂದೇ ಕಾಳಲ್ಲ, ಹಲವು ಜಾತಿ ಹುಲ್ಲು. ಮಳೆ ಬಿದ್ದು ಹುಲ್ಲು ತೆನೆ ಬಿಟ್ಟಾಗಲೇ ಹೆಚ್ಚಾಗಿ ಮರಿ ಮಾಡುತ್ತವೆ. ಮರಿಗೆ ಹಾಲು ತುಂಬಿದ ಹಸಿ ಕಾಳೂ ಸಿಗುತ್ತದೆ. ಹುಳ ತಿನ್ನುವುದು ಮಾತ್ರ ಬಹಳ ಕಡಿಮೆ. ಅಂಗಡಿಯ ಒಣ ನವಣೆ ಪ್ಯಾಕೆಟ್ಟಿಗೂ ಅದಕ್ಕೂ ಹೋಲಿಕೆ ಇಲ್ಲ.

ಚಳ್ಳಕೆರೆ ನವಣೆ ರೈತ: ನೋಡಿ, "ಹುಳ ತಿನ್ನುವುದು ಬಹಳ ಕಡಿಮೆ." ಅಲ್ಲಿ ಇರುವವರೇ ಹೇಳುತ್ತಿದ್ದಾರೆ. ಮಾಂಸಾಹಾರ ಬೇಡದ ಹಕ್ಕಿಗೆ ಮೊಟ್ಟೆ ಯಾಕೆ? ಹಸಿ ತೆನೆ ಬೇಕಾದರೆ ನಮ್ಮ ಹೊಲದಲ್ಲೇ ಇದೆ, ಕುಂಡದಲ್ಲಿ ಒಂದು ಹಿಡಿ ನವಣೆ ಚೆಲ್ಲಿದರೆ ನಿಮ್ಮ ಬಾಲ್ಕನಿಯಲ್ಲೂ ಬರುತ್ತದೆ. ಗೂಡುಮನೆಯವರಿಗೆ ಹೇಳುವುದಿಷ್ಟು: ಎರಡು ದಿನ ಕಾಳು ತೆಗೆದು ಸೊಪ್ಪು ಮಾತ್ರ ಇಡಿ. ಹಸಿವಾದರೆ ತಾನೇ ತಿನ್ನುತ್ತದೆ.

ತುಂಗಾತೀರ: ಎರಡು ದಿನವಾ? ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಇಷ್ಟು ಸಣ್ಣ ಹಕ್ಕಿ ಒಂದು ದಿನದ ಉಪವಾಸವನ್ನೂ ತಡೆಯುವುದು ಕಷ್ಟ. ಹೊಸದನ್ನು ಆಹಾರ ಅಂತ ಗುರುತಿಸದೆ, ಸೊಪ್ಪಿನ ಪಕ್ಕದಲ್ಲೇ ಸಾಯುತ್ತದೆ. ಇನ್ನೊಂದು ಮಾತು, ಬಟ್ಟಲು ತುಂಬಿದ ಹಾಗೆ ಕಾಣುತ್ತದೆ ಅಂತ ನಂಬಬೇಡಿ. ಫಿಂಚ್ ಸಿಪ್ಪೆ ಸುಲಿದು ಕಾಳು ನುಂಗುತ್ತದೆ, ಹೊಟ್ಟು ಬಟ್ಟಲಲ್ಲೇ ಉಳಿಯುತ್ತದೆ. ದಿನಾ ಊದಿ ನೋಡಿ.

ಚಳ್ಳಕೆರೆ ನವಣೆ ರೈತ: ನಾನು ಹೇಳಿದ್ದು ಹಗಲಲ್ಲಿ ಸ್ವಲ್ಪ ಹೊತ್ತು ತೆಗೆಯಿರಿ ಅಂತ. ಹೊಟ್ಟು ಊದುವುದನ್ನು ರೈತನಿಗೆ ಹೇಳಿಕೊಡುವುದು ಬೇಡ.

ದಾವಣಗೆರೆ ಪಕ್ಷಿಮಿತ್ರ: "ಎರಡು ದಿನ" ಅಂತಲೇ ಬರೆದಿದ್ದೀರಿ, ಮೇಲೆ ಹಾಗೇ ಇದೆ.

ಗೂಡುಮನೆ: ಮೊಟ್ಟೆ ವಿಷಯ ಸ್ವಲ್ಪ ಬದಿಗಿಡಿ. ಕೊತ್ತಂಬರಿ ಕಂಡರೇ ಹೆದರುತ್ತವೆ. ಅದಕ್ಕೇನು ಮಾಡಲಿ?

ಅಡಿಲೇಡ್ ಕನ್ನಡಿಗ: ಇವು ಒಂದನ್ನೊಂದು ನೋಡಿ ಕಲಿಯುವ ಹಕ್ಕಿಗಳು. ಸೊಪ್ಪು ತಿನ್ನುವ ಫಿಂಚ್ ಪಂಜರ ಪಕ್ಕದಲ್ಲಿದ್ದರೆ ಬೇಗ ಕಲಿಯುತ್ತವೆ. ಇಲ್ಲವಾದರೆ ದಿನಾ ಅದೇ ಜಾಗ, ಅದೇ ಹೊತ್ತು, ಕೂರುವ ಕಡ್ಡಿಯ ಪಕ್ಕದಲ್ಲಿ ಎರಡೇ ಎಸಳು ಸಿಕ್ಕಿಸಿ. ದೊಡ್ಡ ಕಟ್ಟು ಬೇಡ, ಅಲುಗಾಡಿದರೆ ಬೆದರುತ್ತವೆ. ವಾರಗಟ್ಟಲೆ ಹಿಡಿಯಬಹುದು, ಬಿಡಬೇಡಿ. ಬೆಣ್ಣೆಹಣ್ಣನ್ನು ಮಾತ್ರ ಹತ್ತಿರಕ್ಕೂ ತರಬೇಡಿ, ಹಕ್ಕಿಗೆ ವಿಷ.

ಕರಾವಳಿ ಹಕ್ಕಿಮನೆ: ಸೊಪ್ಪಲ್ಲಿ ನುಗ್ಗೆಯನ್ನೇ ಕಟ್ಟಿ. ಪಾಲಕ್‌ನಲ್ಲಿ ಇರುವ ಆಕ್ಸಲಿಕ್ ಆಮ್ಲ ಕ್ಯಾಲ್ಸಿಯಂ ದಕ್ಕಲು ಬಿಡಲ್ಲ. ನುಗ್ಗೆಯಲ್ಲಿ ವಿಟಮಿನ್ ಎ ಆಗುವ ಅಂಶವೂ ಇದೆ, ಕ್ಯಾಲ್ಸಿಯಮ್ಮೂ ಇದೆ. ಇಷ್ಟಿದ್ದ ಮೇಲೆ ಮೊಟ್ಟೆಯ ಅಗತ್ಯವೇ ಬರಲ್ಲ.

ತುಂಗಾತೀರ: ಆ ಕ್ಯಾಲ್ಸಿಯಂ ಮೈಗೆ ಹತ್ತಲು ವಿಟಮಿನ್ ಡಿ3 ಬೇಕು. ನುಗ್ಗೆಯಲ್ಲಿ ಅದು ಇಲ್ಲ, ಮೊಟ್ಟೆಯ ಹಳದಿಯಲ್ಲಿದೆ.

ಕರಾವಳಿ ಹಕ್ಕಿಮನೆ: ಡಿ3 ಬಿಸಿಲಿನಿಂದ ಬರುತ್ತದೆ. ನಮ್ಮ ಪಂಜರಕ್ಕೆ ಬೆಳಿಗ್ಗೆಯಿಂದ ಸಂಜೆವರೆಗೂ ಬಿಸಿಲಿದೆ.

ದಾವಣಗೆರೆ ಪಕ್ಷಿಮಿತ್ರ: ಗಾಜಿನ ಕಿಟಕಿ ಹಿಂದೆ ಅಂತ ನೀವೇ ಬರೆದಿದ್ದೀರಿ. ಡಿ3 ಆಗಲು ಬೇಕಾದ, ಬಿಸಿಲಿನಲ್ಲಿರುವ ಯುವಿ-ಬಿ (ಅತಿನೇರಳೆ) ಕಿರಣವನ್ನು ಗಾಜು ತಡೆಯುತ್ತದೆ. ಕಿಟಕಿ ತೆಗೆಯಿರಿ, ಇಲ್ಲ ಮೊಟ್ಟೆ ಕೊಡಿ.

ಕರಾವಳಿ ಹಕ್ಕಿಮನೆ: ಕಿಟಕಿ ತೆಗೆಯುತ್ತೇನೆ. ಮೊಟ್ಟೆ ಕೊಡಲ್ಲ.